ಇಂದುಮತಿಯ ಓಟು

ಅಧ್ಯಕ್ಷರಾದ ಜಯದೇವಿಯವರೇ, ಶಿಕಾಗೋದಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಿರುವ ಅತಿಥಿಗಳೇ, ಊಟದ ಘಮವನ್ನು ತಡೆದುಕೊಂಡು ಕೂತಿರುವ ಸಭಿಕರೇ,

ಯಾವ ಪಕ್ಷಕ್ಕೂ ಸೇರದ ನಮ್ಮ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಎರಡನೆಯ ಸಲವೂ ಗೆದ್ದಿದ್ದಾರೆ. ಅವರಿಗಾಗಿ ಮನೆಮನೆ ತಿರುಗಿದ ಕನ್ನಡಿಗರಿಗೆ ಸಂಘ ಇಂದು ಸನ್ಮಾನ ಮಾಡುತ್ತಿದೆ. ನನ್ನ ಹೆಂಡತಿ ಇಂದುಮತಿಗೆ ಸಲ್ಲಬೇಕಾದ ಶಾಲನ್ನು ನನಗೆ ಹೊದಿಸಿದ್ದೀರಿ. ನಾನು ಇದಕ್ಕೆ ಅರ್ಹನೇ? ಖಂಡಿತ ಅಲ್ಲ. ನಾನು ಆ ಗವರ್ನರನ್ನೇ ಸೋಲಿಸಲು ನಿಂತ ಪಕ್ಷದವನು. ನಮ್ಮ ಮನೆಯ ಮುಂದೆ ಪ್ರಚಾರದ ಎರಡು ಬೋರ್ಡುಗಳಿದ್ದವು, ಅವಳದೊಂದು, ನನ್ನದೊಂದು.

ಅವಳು ಪ್ರಚಾರ ಮಾಡಿದ್ದಾದರೂ ಹೇಗೆ? ಆಬರ್ನ್ ಹಿಲ್ಸಿನ ನಮ್ಮ ಬಡಾವಣೆಯಲ್ಲಿ ಮದುವೆಗೆ ಕರೆಯುವ ಹಾಗೆ! ರೇಷ್ಮೆ ಸೀರೆ ಉಟ್ಟು, ಕುಂಕುಮದ ಭರಣಿ ಹಿಡಿದು ಬಾಗಿಲು ತಟ್ಟುವಳು. "ಮಂಗಳವಾರ ಮನೆಮಂದಿಯೆಲ್ಲ ಬರಬೇಕು ಕಣ್ರೀ, ನೆಪ ಹೇಳೋ ಹಾಗಿಲ್ಲ." ನಮ್ಮ ಬೀದಿಯ ಹುಡುಗಿ ವಿಭಾ ಗಾಬರಿಯಾಗಿ, "ಆಂಟಿ, ಯಾರ ಮದುವೆ?" ಎಂದು ಕೇಳಿದ್ದಳಂತೆ. ನಗಬೇಡಮ್ಮ, ನೀನೇ ಕೇಳಿದ್ದು!

ನಾನು ರೇಗುತ್ತಿದ್ದೆ. "ನಿನ್ನ ಓಟಿಗೆ ನನ್ನ ಓಟು ವಜಾ. ಇಬ್ರೂ ಮನೇಲೇ ಇರೋಣ." "ನೀವಿರಿ, ನಾನು ಹೋಗ್ತೀನಿ" ಅನ್ನುತ್ತಿದ್ದಳು. ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಲು ಮನಸ್ಸಾಗದೆ ಎಷ್ಟೋ ವರ್ಷ ಕಾದು, ಈಚೆಗಷ್ಟೇ ಇಲ್ಲಿಯ ಪೌರತ್ವ ಪಡೆದವಳು ಅವಳು. ಈ ದೇಶದಲ್ಲಿ ಇದೇ ಅವಳ ಮೊದಲ ಓಟು. ಅಕ್ಟೋಬರಿನಲ್ಲಿ ಆಸ್ಪತ್ರೆ ಸೇರಿದಾಗ ಅಂಚೆಯ ಬ್ಯಾಲಟ್ ತರಿಸಿಕೊಂಡು ಹಾಸಿಗೆಯಲ್ಲೇ ತುಂಬಿ ಸಹಿ ಹಾಕಿದಳು. ಗೊಣಗಿಕೊಂಡು ಅದನ್ನು ಡಬ್ಬಿಗೆ ಹಾಕಿ ಬಂದವನು ನಾನೇ.

ಚುನಾವಣೆಗೆ ಮೊದಲೇ ಅವಳು ಹೋಗಿಬಿಟ್ಟಳು. ಕರ್ಮಾಂತರಗಳು ಮುಗಿದ ಮೇಲೆ ಚುನಾವಣಾ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಹೆಣ್ಣುಮಗಳು ಮೆತ್ತಗೆ ಹೇಳಿದಳು: ಮತದಾನದ ದಿನದವರೆಗೆ ಬದುಕಿರದವರ ಬ್ಯಾಲಟ್ಟನ್ನು ಎಣಿಸುವಂತಿಲ್ಲ. ನಿಯಮ ಇರಬಹುದು. ಆದರೆ ಊರನ್ನೆಲ್ಲ ಕರೆದು ಬಂದವಳ ಓಟೇ ಇಲ್ಲವೆಂದರೆ ಹೇಗೆ ಸಹಿಸಲಿ? ನೀವೇ ಹೇಳಿ, ಹೇಗೆ ಸಹಿಸಲಿ?

ಮತದಾನದ ಆ ಮಂಗಳವಾರ ಬೆಳಿಗ್ಗೆಯೇ ಮತಗಟ್ಟೆಗೆ ಹೋದೆ. ನಮ್ಮ ಪಕ್ಷದ ಗೆಳೆಯ ಈರೇಶ್ ಇಲ್ಲೇ ಕೂತಿದ್ದಾರೆ, ಕ್ಷಮಿಸಬೇಕು. ನನ್ನ ಓಟನ್ನು ಅವಳ ಗವರ್ನರಿಗೇ ಹಾಕಿ ಬಂದೆ. ಇದನ್ನು ಹೇಳಬೇಕೆಂದು ವೇದಿಕೆ ಹತ್ತಿದವನಲ್ಲ, ಬಾಯಿ ತಪ್ಪಿ ಬಂತು.

ಅವರು ಗೆದ್ದರು. ಅವರ ರಸ್ತೆ ತೆರಿಗೆ ಶುದ್ಧ ತಪ್ಪು ಎಂಬುದು ಈಗಲೂ ನನ್ನ ವಾದ. ಆದರೆ ಇನ್ನು ನಾಲ್ಕು ವರ್ಷ ಅವರನ್ನು ನಾನು ಎಷ್ಟೇ ಬೈದರೂ, ನಮ್ಮ ಮನೆಯಲ್ಲಿ ಅವರ ಪರವಾಗಿ ನನ್ನೊಡನೆ ಜಗಳಕ್ಕೆ ಬರುವವರಿಲ್ಲ. ಅದನ್ನೇ ತಡೆದುಕೊಳ್ಳಲಾಗುತ್ತಿಲ್ಲ.

ಅವಳಿಗೆ ಬಾಗಿಲು ತೆರೆದು ಒಳಗೆ ಕರೆದ ನಿಮಗೆಲ್ಲ ನಾನು ಋಣಿ. ನಮಸ್ಕಾರ.