ಎಡಬಾಗಿಲಿನ ತಗ್ಗು

ದೀಪ ಒಂಚೂರು ಸಣ್ಣದು ಮಾಡಿಕೊಳ್ರಿ. ಹಾಂ... ಇಷ್ಟು ಸಾಕು.

ಇದು ನಮ್ಮ ಚಿಕ್ಕಮ್ಮನ ಮಗ, ಭಾನುವಳ್ಳಿಯ ಕೊಟ್ಟೂರೇಶನಿಗೆ ಆದದ್ದು. ಅವನು ಕುಡಿಯುವವನಲ್ಲ, ಬೀಡಿ ಕೂಡ ಸೇದುವುದಿಲ್ಲ. ಕತೆ ಕಟ್ಟುವುದಂತೂ ಅವನಿಂದ ಆಗದ ಕೆಲಸ. ಮದುವೆಮನೆಯಲ್ಲಿ ಏನು ಊಟ ಹಾಕಿದರಪ್ಪಾ ಎಂದು ಕೇಳಿದರೆ "ಊಟ" ಎಂದು ಹೇಳಿ ಸುಮ್ಮನಾಗುವ ಆಸಾಮಿ. ಅವನಲ್ಲಿದ್ದ ದೋಷ ಒಂದೇ, ಹಟ. ಬಲಕ್ಕೆ ಹೋಗು ಎಂದರೆ ಎಡಕ್ಕೆ ಹೋಗುತ್ತಿದ್ದ. ಈ ಹಟವನ್ನು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗುತ್ತದೆ.

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಡಿಸೆಂಬರ್. ರಾತ್ರಿ ಹತ್ತೂವರೆ ಸುಮಾರಿಗೆ ಹರಿಹರದಿಂದ ಬಂದ ಕೊನೆಯ ಬಸ್ಸು ಕೊಟ್ಟೂರೇಶನನ್ನು ಇಳಿಸಿ, ಹಿಂದಿನ ಕೆಂಪು ದೀಪ ಮಿಣುಕಿಸುತ್ತಾ ಹೋಯಿತು. ಊರು ಮಲಗಿತ್ತು. ಚಾನೆಲ್ ನೀರಿನ ಜುಳುಜುಳು, ಇವನ ಚಪ್ಪಲಿಯ ಚರಕ್... ಚರಕ್. ಬೇರೆ ಸದ್ದಿಲ್ಲ. ಅವನಿಗೆ ಅದೂ ಕೇಳಿಸುತ್ತಿರಲಿಲ್ಲ ಅನ್ನಿ. ದಾರಿಯುದ್ದಕ್ಕೂ ಒಬ್ಬನೇ ಬೈದುಕೊಳ್ಳುತ್ತಾ ಬರುತ್ತಿದ್ದ.

ಬೈಗುಳ ವಾಮದೇವಪ್ಪನಿಗೆ. ದಾವಣಗೆರೆಯಲ್ಲಿ ದೊಡ್ಡ ಮಂಡಕ್ಕಿ ಭಟ್ಟಿ ಇಟ್ಟಿದ್ದ ಸಾವ್ಕಾರ. ಆ ಹಂಗಾಮಿನ ಭತ್ತವನ್ನೆಲ್ಲ ಕೊಟ್ಟೂರೇಶನ ಲಾರಿಯಲ್ಲೇ ಹೊಡೆಸುತ್ತೇನೆ ಎಂದು ಒಪ್ಪಿಕೊಂಡಿದ್ದವನು, ಅವತ್ತು ಸಂಜೆ ಹೊಸ ತಕರಾರು ತೆಗೆದಿದ್ದ.

"ಎರಡೂ ಬಾಗಿಲ ಮ್ಯಾಲೆ ನಮ್ಮ ಭಟ್ಟಿ ಹೆಸರು ಬರೆಸ್ತೀನಿ ಕೊಟ್ಟೂರೇಶಿ. ಬಲಗಡೆ ಬಾಗಿಲು ಚಲೋ ಐತೆ. ಎಡಗಡೇದು ಮೊನ್ನೆ ನೋಡಿದೆ, ಎಮ್ಮಿ ಒದ್ದಂಗೆ ತಗ್ಗು ಬಿದ್ದೈತೆ. ಸೋಮವಾರದೊಳಗೆ ನೆಟ್ಟಗೆ ಮಾಡಿಸಿಕೊಂಡು ಬಾ."

"ಬಾಗಿಲೇನು ಭತ್ತ ಎಳೀತೈತೇನ್ರಿ ಸಾವ್ಕಾರ್ರೆ? ಎಂಜಿನ್ ನೋಡ್ರಿ."

"ಮದುವಿಗೆ ಹೋಗೋ ಮುಂದೆ ಮುಖ ತೊಳಕೊಂತಾರೋ ಇಲ್ಲೋ?"

"ಏಳು ಲಕ್ಷ ಕಿಲೋಮೀಟರ್ ಓಡಿದ ಮುಖಕ್ಕೆ ಯಾವ ಪೌಡರ್ ಹತ್ತೈತೆ?"

"ಹತ್ತಲಿಲ್ಲಾಂದ್ರೆ ಗುಜರಿಗೆ ಹಾಕು. ನನಗೆ ಬೇರೆ ಲಾರಿ ಸಿಗ್ತೈತೆ."

ಮಾತು ಚುಚ್ಚಿದ್ದು ಅಲ್ಲಿ. ಯಾಕೆಂದರೆ ಅದು ನಿಜ. ಹೊಸ ಲಾರಿಗಳ ನಡುವೆ ಇಪ್ಪತ್ತು ವರ್ಷದ ಈ ಮುದುಕನನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಭಟ್ಟಿಯ ಲೋಡು ತಪ್ಪಿದರೆ ಲಾರಿ ಗುಜರಿಗೇ. ಹರಿಹರದ ಗುಜರಿಯವನು ಆಗಲೇ ಒಂದು ಸಲ ಬಂದು, ಸತ್ತ ದನ ನೋಡುವ ಹಾಗೆ ಸುತ್ತು ಹಾಕಿ ಹೋಗಿದ್ದ.

ಇನ್ನು ಆ ತಗ್ಗು. ಅದು ಗುದ್ದಿ ಆದದ್ದಲ್ಲ, ತಟ್ಟಿ ತಟ್ಟಿ ಆದದ್ದು. ಬೋರಣ್ಣ ಅಂತ ಒಬ್ಬ ಕ್ಲೀನರ್ ಇದ್ದ, ಕೊಟ್ಟೂರೇಶನಿಗಿಂತ ಹತ್ತು ವರ್ಷ ದೊಡ್ಡವನು. ಹದಿನೆಂಟು ವರ್ಷ ಎಡ ಸೀಟಿನಲ್ಲಿ ಕೂತು, ಕಿಟಕಿಯಿಂದ ಕೈ ಇಳಿಬಿಟ್ಟು ಬಾಗಿಲು ತಟ್ಟಿದವನು. ಕ್ಲೀನರುಗಳ ಲೆಕ್ಕ ನಿಮಗೆ ಗೊತ್ತಲ್ಲ... ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೋಗು. ಅವನ ಕೈಯಲ್ಲೊಂದು ತಾಮ್ರದ ಕಡಗ. ಹಾಗಾಗಿ ಅವನು ತಟ್ಟಿದರೆ ಎರಡು ಸದ್ದು. ಅಂಗೈಯ "ಧಪ್", ಅದರ ಬೆನ್ನಿಗೇ ಕಡಗದ "ಟಿಣ್". ಹದಿನೆಂಟು ವರ್ಷ ಒಂದೇ ಜಾಗಕ್ಕೆ. ತಗಡು ಅಂಗೈ ಅಗಲಕ್ಕೆ ಒಳಗೆ ಹೋಗಿತ್ತು, ಬಣ್ಣ ಅಳಿದು ಹೋಗಿತ್ತು. ಹಿಂದಿನ ವರ್ಷ ಯುಗಾದಿಯ ಹೊತ್ತಿಗೆ ಬೋರಣ್ಣ ಎದೆನೋವು ಅಂತ ಮಲಗಿದವನು ಏಳಲಿಲ್ಲ. ಮಣ್ಣು ಮಾಡುವಾಗ ಕಡಗ ಕೈಯಿಂದ ಬರಲಿಲ್ಲ. ಇರಲಿ ಬಿಡ್ರಿ ಎಂದು ಹಾಗೇ ಮುಚ್ಚಿದರು. ಮೊದಲ ಹಿಡಿ ಮಣ್ಣು ಹಾಕಿದವರಲ್ಲಿ ಕೊಟ್ಟೂರೇಶನೂ ಒಬ್ಬ. ಅವತ್ತಿನಿಂದ ಬೇರೆ ಕ್ಲೀನರನ್ನೂ ಇಟ್ಟುಕೊಳ್ಳಲಿಲ್ಲ. ಕೇಳಿದವರಿಗೆ "ಸುಮ್ನೆ ಖರ್ಚು" ಎನ್ನುತ್ತಿದ್ದ.

ಊರ ಬಾಯಿಗೆ ಒಂದು ಆಲದ ಮರ, ಪಕ್ಕದಲ್ಲಿ ಬಾವಿ. ಓಣಿ ಕಿರಿದು, ಅದಕ್ಕೇ ಲಾರಿ ಅಲ್ಲಿ ನಿಲ್ಲಿಸುತ್ತಿದ್ದ. ಆ ರಾತ್ರಿ ಮರದ ಕೆಳಗೆ ಲಾರಿ ಕಪ್ಪಗೆ ನಿಂತಿತ್ತು. ಗ್ಲಾಸು ಏರಿಸಿದೆ. ಬಾಗಿಲಿಗೆ ಬೀಗ. ಕೊಟ್ಟೂರೇಶ ದಾಟಿ ನಾಲ್ಕು ಹೆಜ್ಜೆ ಹೋಗಿರಬೇಕು...

ಧಪ್-ಟಿಣ್. ಧಪ್-ಟಿಣ್.

ಚಪ್ಪಲಿ ನಿಂತಿತು.

ತಿರುಗಿ ನೋಡಿದ. ಒಂದು ಎಲೆ ಅಲ್ಲಾಡುತ್ತಿಲ್ಲ. ಬಾವಿಯೊಳಗೆ ಎಲ್ಲೋ ಒಂದು ಹನಿ... ಟಪ್.

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಮೈಯೆಲ್ಲ ತಣ್ಣಗಾಗಿದ್ದರೂ ನಮ್ಮವನಿಗೆ ಬಂದದ್ದು ಸಿಟ್ಟು. ಸಾವ್ಕಾರ ಒಂದು ಕಡೆ ತೆಗೆಸು ಅಂತಾನೆ, ಸತ್ತವನು ಬಂದು ತೆಗೆಸಬ್ಯಾಡ ಅಂತಾನೆ! ಅವನ ತಲೆಗೆ ಹೊಳೆದದ್ದು ಹಾಗೆ.

"ಏನ್ಲೇ ಬೋರ?" ಎಂದ ಪಿಸುದನಿಯಲ್ಲಿ. "ಗಾಡಿ ನಂದು. ತೆಗೆಸ್ತೀನಿ. ನಾಳೇನೇ ತೆಗೆಸ್ತೀನಿ. ಏನ್ ಮಾಡ್ಕೊಂತಿ ಮಾಡ್ಕೋ!"

ಬೆನ್ನು ತಿರುಗಿಸಿ ಮನೆಯ ದಾರಿ ಹಿಡಿದ.

ಮನೆಯಲ್ಲಿ ಹೆಂಡತಿ ಶಾಂತಕುಮಾರಿ ತಾಟು ಮುಂದಿಟ್ಟು ಮುಖ ನೋಡಿದಳು. "ಯಾಕ್ರಿ, ಹೆಂಗೋ ಇದೀರಿ?"

"ನಾಳೆ ದಾವಣಗೆರಿಗೆ ಹೋಗಿ ತಗ್ಗು ತೆಗೆಸ್ತೀನಿ."

ಎರಡು ತಿಂಗಳಿಂದ ಅದನ್ನೇ ಹೇಳುತ್ತಿದ್ದವಳು ಆಕೆ. ಗಂಡನ ಹಟವನ್ನು ಇಪ್ಪತ್ತು ವರ್ಷ ಅರೆದು ಕುಡಿದವಳು. ತಟ್ಟನೆ, "ಬ್ಯಾಡ ಬಿಡ್ರಿ, ಇರ್ಲಿ, ಬೋರಣ್ಣನ ನೆನಪು" ಎಂದಳು.

"ಬ್ಯಾಡ ಅನ್ನಾಕೆ ನೀನ್ಯಾರು? ತೆಗೆಸೋದೇ!"

ಶಾಂತಕುಮಾರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳಂತೆ, ನಗು ತಡೆಯಲಾಗದೆ. ಆಮೇಲೆ ಆಕೆಯೇ ಹೇಳಿದ್ದು.

ಮರುದಿನ ಮಸ್ತಾನಸಾಬನ ಶೆಡ್ಡು. ತಗಡಿನ ಕೆಲಸದಲ್ಲಿ ದಾವಣಗೆರೆಗೇ ಎತ್ತಿದ ಕೈ. ಲಾರಿಗಳ ಸಾಲಿನಲ್ಲಿ ಇವನ ಸರದಿ ಬರುವ ಹೊತ್ತಿಗೆ ಕತ್ತಲಾಯಿತು, ಮೇಲೆ ಕರೆಂಟೂ ಹೋಯಿತು. ಮಸ್ತಾನಸಾಬ ಕಂದೀಲು ಹಿಡಿದು ಲಾರಿಯೊಳಗೆ ಹತ್ತಿದ. ಬಾಗಿಲ ಒಳಗಿನ ತಗಡು ಬಿಚ್ಚಿ, ತಲೆ ಒಳಗೆ ತೂರಿಸಿದ.

"ಕೊಟ್ಟೂರಣ್ಣಾ, ನಾನು ಒಳಗಿಂದ ಹೊಡೀತೀನಿ. ನೀನು ಹೊರಗೆ ಈ ಕಬ್ಬಿಣದ ಗಟ್ಟಿ ಒತ್ತಿ ಹಿಡಿ. ಬಿಗಿ ಹಿಡೀಬೇಕು."

ಗಟ್ಟಿಯನ್ನು ಕಿಟಕಿಯಿಂದ ಹೊರಗೆ ಚಾಚಿದ. ಯಾರೋ ಈಸಿಕೊಂಡರು. ಕೆಲಸ ಶುರು. ಒಳಗಿಂದ ಟಣ್... ಟಣ್... ಟಣ್. ಹೊರಗಿನ ಹಿಡಿತ ಎಂಥದು ಅಂತೀರಿ, ಮಸ್ತಾನಸಾಬ ಸುತ್ತಿಗೆ ಎಲ್ಲಿ ಇಡಬೇಕೆಂದುಕೊಳ್ಳುತ್ತಾನೋ ಅಲ್ಲಿಗೆ ಮೊದಲೇ ಬಂದು ಕೂತಿರುತ್ತಿತ್ತು. ಎರಡು ತಾಸಿನ ಕೆಲಸ ಅರ್ಧ ತಾಸಿನಲ್ಲಿ ಮುಗಿದು ತಗಡು ಕನ್ನಡಿಯಂತೆ ಸಮವಾಯಿತು.

"ಶಾಬಾಸ್ ಅಣ್ಣಾ! ನನ್ನ ಹತ್ರಾನೇ ಕೆಲಸಕ್ಕೆ ಬಂದ್ಬಿಡು!"

ಉತ್ತರ ಬಂದದ್ದು ಹಿಂದಿನಿಂದ, ರಸ್ತೆಯ ಕಡೆಯಿಂದ.

"ಏನ್ ಸಾಬ್ರೆ, ಶುರು ಮಾಡೇ ಬಿಟ್ರಾ? ಹೋಟೆಲಿನಾಗೆ ಹಾಲಿಲ್ಲ ಅಂತ ಕೂಡ್ರಿಸಿಬಿಟ್ಟ." ಕೊಟ್ಟೂರೇಶ. ಎರಡೂ ಕೈಯಲ್ಲಿ ಚಾ ಗ್ಲಾಸು.

ಮಸ್ತಾನಸಾಬ ನಿಧಾನಕ್ಕೆ ಕೆಳಗಿಳಿದ. ಬಾಗಿಲ ಬುಡದಲ್ಲಿ ಕಬ್ಬಿಣದ ಗಟ್ಟಿ ಬಿದ್ದಿತ್ತು. ಮುಟ್ಟಿದ. ಡಿಸೆಂಬರ್ ಚಳಿಯಲ್ಲಿ ಅದು ಬೆಚ್ಚಗಿತ್ತು. ಅಂಗೈಯಲ್ಲಿ ಬಹಳ ಹೊತ್ತು ಹಿಡಿದಿಟ್ಟ ಬಿಸುಪು.

"ಯಾರೋ ಹಿಡಿದಿದ್ರು..." ಎಂದ.

"ಯಾರು?"

"ಮುಖ ನೋಡ್ಲಿಲ್ಲ. ಮಧ್ಯೆ ಮಧ್ಯೆ ಟಿಣ್ ಅಂತಿತ್ತು... ಬಳೆ ತಾಗಿದಂಗೆ."

ಕೊಟ್ಟೂರೇಶ ಚಾ ಕೆಳಗಿಟ್ಟು ಹಿಂದಿನ ರಾತ್ರಿಯ ಸಂಗತಿ ಹೇಳಿದ. ಮಸ್ತಾನಸಾಬ ಕೇಳುತ್ತಾ ಕೇಳುತ್ತಾ ದನಿ ಇನ್ನೂ ತಗ್ಗಿಸಿದ.

"ಎಷ್ಟು ಸಲ ತಟ್ಟಿದ್ದು?"

"ಎರಡು."

"ಎರಡಂದ್ರೆ ಹೋಗು ಅಂತ ಅಲ್ಲೇನು ಅಣ್ಣಾ? ನೀನೇ ಡ್ರೈವರ್, ನಾನು ಹೇಳಬೇಕೇನು..."

ನೋಡ್ರಿ, ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನು ಹೆದರಿಕೆಯಲ್ಲಿ ಅದನ್ನೇ ಮರೆತಿದ್ದ. ಸತ್ತವನು ಬೇಡ ಎಂದಿರಲಿಲ್ಲ. ಹೋಗು, ಮಾಡಿಸು ಎಂದಿದ್ದ. ಕೊಟ್ಟೂರೇಶ ಸಮವಾದ ತಗಡಿನ ಮೇಲೆ ಒಂದು ಸಲ ಕೈಯಾಡಿಸಿದ, ಅಷ್ಟೆ.

ಬಣ್ಣ ಆಯಿತು. ಹಳದಿ ಅಕ್ಷರದಲ್ಲಿ ಭಟ್ಟಿಯ ಹೆಸರೂ ಬಂತು. ವಾಮದೇವಪ್ಪ ಸುತ್ತ ತಿರುಗಿ ನೋಡಿ "ಈಗ ನೋಡು, ಮದುಮಗ!" ಎಂದ. ಲೋಡು ಶುರುವಾಯಿತು.

ಎಂಟನೆಯ ದಿನ. ಭಾನುವಳ್ಳಿಯಲ್ಲಿ ತುಂಬುವುದು ತಡವಾಗಿ, ಭಟ್ಟಿ ಮುಟ್ಟಿದಾಗ ರಾತ್ರಿ ಹನ್ನೆರಡು. ಹೊಸ ಗೋದಾಮು ಭಟ್ಟಿಯ ಹಿಂದುಗಡೆ. ಎಡಕ್ಕೊಂದು ಗೋಡೆ, ಬಲಕ್ಕೆ ಭಟ್ಟಿ, ನಡುವಿನ ಸಂದಿಯಲ್ಲಿ ರಿವರ್ಸೇ ಹೋಗಬೇಕು. ನೆಲದ ತುಂಬ ಹೊಟ್ಟಿನ ಬೂದಿ. ಹಿಂದೆ ವಾಮದೇವಪ್ಪ ಬ್ಯಾಟರಿ ದೀಪ ಹಿಡಿದು ನಿಂತಿದ್ದ.

"ಬರ್ಲಿ... ಬರ್ಲಿ... ಬರ್ಲಿ..."

ಭರ್ತಿ ಲೋಡು. ಎಂಜಿನ್ನು ಗುರ್ರ್ ಎನ್ನುತ್ತಾ, ಹಲಗೆಗಳು ಕಿರ್ರ್ ಎನ್ನುತ್ತಾ ಲಾರಿ ಹಿಂದಕ್ಕೆ ಸರಿಯುತ್ತಿತ್ತು. ಚಳಿಗೆಂದು ಎರಡೂ ಗ್ಲಾಸು ಏರಿಸಿದ್ದ. ಎಡ ಸೀಟು ಖಾಲಿ.

ಧಪ್-ಟಿಣ್.

ಒಂದೇ.

ಕೊಟ್ಟೂರೇಶನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಹದಿನೆಂಟು ವರ್ಷದ ಅಭ್ಯಾಸ, ತಲೆಯನ್ನು ಕೇಳಿ ನಡೆಯುವುದಲ್ಲ ಅದು.

"ಯಾಕ್ಲೇ ನಿಲ್ಸಿದೆ? ಇನ್ನೂ ಹತ್ತು ಅಡಿ ಐತೆ, ಬಾ!"

"ಬರಲ್ರೀ," ಎಂದ ಗ್ಲಾಸು ಒಂಚೂರು ಇಳಿಸಿ.

"ಏನು?"

"ಬರಲ್ಲ ಅಂದೆ. ಇಲ್ಲೇ ಇಳಿಸ್ಕೊಳ್ರಿ."

"ಅಲ್ಲಿಂದ ಮೂಟಿ ಹೊರೋರು ಯಾರಲೇ, ನಿಮ್ಮಪ್ಪ? ಬರ್ತೀಯೋ, ನಾಳೆಯಿಂದ ಬೇರೆ ಲಾರಿ ಕರೀಲೋ?"

ಆ ಗಳಿಗೆ ನೋಡ್ರಿ. ಇಡೀ ಹಂಗಾಮಿನ ಲೋಡು, ಲಾರಿಯ ಉಳಿದ ಆಯಸ್ಸು ಎಲ್ಲ ಆ ಹತ್ತು ಅಡಿಯಲ್ಲಿತ್ತು. ಕೊಟ್ಟೂರೇಶ ಎಂಜಿನ್ ಆಫ್ ಮಾಡಿದ. ಚಾವಿ ಕಿತ್ತು ಜೇಬಿಗೆ ಹಾಕಿಕೊಂಡ. ಗ್ಲಾಸು ಪೂರ್ತಿ ಇಳಿಸಿ ತಲೆ ಹೊರಗೆ ಹಾಕಿದ.

"ಕರೀರಿ! ಗುಜರಿಗೆ ಬೇಕಾದ್ರೆ ನಾನೇ ಹೊಡ್ಕೊಂಡು ಹೋಗ್ತೀನಿ. ನನ್ನ ಕ್ಲೀನರ್ ನಿಲ್ಲು ಅಂದಾನೆ. ನೀವಲ್ಲ, ನಿಮ್ಮಜ್ಜ ಎದ್ದು ಬಂದು ಹೇಳಿದ್ರೂ ಒಂದಿಂಚು ಬರಲ್ಲ!"

"ಕುಡಿದೀಯೇನ್ಲೇ? ಗಟ್ಟಿ ನೆಲ ಐತೆ, ನೋಡು!" ಎಂದವನೇ ವಾಮದೇವಪ್ಪ ಬುಸುಗುಟ್ಟುತ್ತಾ ಬಂದು, ಹಿಂದಿನ ಗಾಲಿಯ ಹತ್ತಿರದ ಬೂದಿಯನ್ನು ಕಾಲಿನಿಂದ ಸರಿಸಿ, ಹಿಮ್ಮಡಿ ಎತ್ತಿ ಬಲವಾಗಿ ಬಡಿದ.

ಟೊಳ್ ಎಂದಿತು.

ಇನ್ನೊಂದು ಸಲ ಬಡಿದ. ಪಟ್... ಏನೋ ಮುರಿಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಒಂದು ಉಸಿರು. ಎರಡು ಉಸಿರು. ಆಮೇಲೆ, ಬಹಳ ಕೆಳಗೆ...

ಡುಬ್.

ವಾಮದೇವಪ್ಪ ಹಿಂದಕ್ಕೆ ಹಾರಿ ಬೂದಿಯಲ್ಲಿ ಕೂತುಬಿಟ್ಟ. ಅವರ ಅಪ್ಪನ ಕಾಲದ ಬಾವಿ. ನಲ್ಲಿ ಬಂದ ಮೇಲೆ ಹಲಗೆ ಮುಚ್ಚಿದ್ದರು. ಹಲಗೆಯ ಮೇಲೆ ವರ್ಷವರ್ಷವೂ ಹೊಟ್ಟಿನ ಬೂದಿ ಸುರಿದು, ಬಾವಿ ಇತ್ತೆಂಬುದನ್ನೇ ಮರೆತಿದ್ದರು. ಹಿಂದಿನ ಗಾಲಿ ಹಲಗೆಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು.

ಕೂತಲ್ಲಿಂದಲೇ ವಾಮದೇವಪ್ಪ ಪಿಸುಗುಟ್ಟಿದ. "ಕೊಟ್ಟೂರೇಶಿ... ನಿನ್ನ ಕ್ಲೀನರ್ ಎಲ್ಲಪ್ಪ?"

"ಎಡಗಡೆ."

ಬ್ಯಾಟರಿ ಎಡಕ್ಕೆ ತಿರುಗಿತು. ಎಡಗಡೆ ಗೋಡೆ. ಲಾರಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿನ ಸಂದಿ. ಬೆಕ್ಕು ಕೂಡ ತೂರುವಂತಿರಲಿಲ್ಲ.

ಲಾರಿ ಗುಜರಿಗೆ ಹೋಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಆ ಹಂಗಾಮು, ಮುಂದಿನ ಹಂಗಾಮು, ಎಲ್ಲ ಅದರಲ್ಲೇ. ಆದರೆ ಬೆಳಗ್ಗೆ ಲಾರಿಯನ್ನು ಬಯಲಿಗೆ ತಂದಾಗ ಎಂಟೇ ದಿನದ ಹೊಸ ಬಣ್ಣ ಎಡಬಾಗಿಲಿನ ಒಂದು ಜಾಗದಲ್ಲಿ ಎದ್ದಿತ್ತು. ಭಟ್ಟಿಯ ಹೆಸರಿನ ನಟ್ಟನಡುವೆ, ಅಂಗೈ ಅಗಲ. ಮಸ್ತಾನಸಾಬ ತಾನಾಗಿ ಬಂದು, ಪುಕ್ಕಟೆ ಬಣ್ಣ ಹಚ್ಚಿಕೊಡ್ತೀನಿ ಅಣ್ಣಾ ಎಂದ. ಶಾಂತಕುಮಾರಿ ಈ ಸಲ ನಿಜವಾಗಿಯೇ, "ಬ್ಯಾಡ್ರಿ" ಎಂದಳು. ಜೀವಮಾನದಲ್ಲಿ ಮೊದಲ ಸಲ, ಹೆಂಡತಿ ಬೇಡ ಎಂದ ಮಾತಿಗೆ ಕೊಟ್ಟೂರೇಶ ಹೂಂ ಎಂದ. ಹೆಸರು ಕೆಟ್ಟಿದ್ದರೂ ವಾಮದೇವಪ್ಪ ತಕರಾರು ತೆಗೆಯದೆ ಕಣ್ಣು ಬೇರೆ ಕಡೆ ಹೊರಳಿಸಿದ. ಯಾರೂ ಅದನ್ನು ಮುಟ್ಟಲಿಲ್ಲ.

ನಗ್ತೀರೇನ್ರಿ? ನಗ್ರಿ. ಹರಿಹರದಲ್ಲಿ ಲೋಡು ತೂಗುವ ವೇಬ್ರಿಜ್ ಹತ್ತಿರ ಆ ಲಾರಿ ಈಗಲೂ ನಿಲ್ಲುತ್ತದೆ. ಹೋಗಿ ಎಡಗಡೆ ನೋಡಿ ಬರ್ರಿ, ಆಮೇಲೆ ಸುಳ್ಳು ಅನ್ರಿ. ಬಣ್ಣ ಹೋದ ಜಾಗದ ಕೆಳಗೆ ಒಂದು ಸಣ್ಣ ಗೀರು ಇದೆ, ಉಗುರಿನಷ್ಟು. ಗೀರಿನಲ್ಲಿ ತಾಮ್ರದ ಬಣ್ಣ ಹತ್ತಿದೆ.