ಕಟಿಂಗ್ ಅಂಗಡಿಯ ಫೋನು

ಪಕ್ಕದಲ್ಲಿದ್ದ ಕ್ಷೌರಿಕ ತನ್ನ ಅಕ್ಕನ ಮುಂದೆ ಗುಡುಗತೊಡಗಿದಾಗ, ಬ್ಯಾಂಕಿನ ಬೆಂಚಿನ ಮೇಲೆ ಟೋಕನ್ ಹಿಡಿದು ತೂಕಡಿಸುತ್ತಿದ್ದ ನಿವೃತ್ತ ಮೇಷ್ಟರ ಕಿವಿ ನೆಟ್ಟಗಾಯಿತು.

“ಐದು ತಿಂಗಳಿಂದ ನನ್ನ ಖಾತೆಯಿಂದ ದುಡ್ಡು ಎಳೀತಿದ್ದಾರೆ! ಅದೂ ಯಾವುದೋ ಕಾರ್ಟೂನ್ ಆಟಕ್ಕೆ!”

“ಕಟಿಂಗ್‌ಗೆ ಬರೋ ಮಕ್ಕಳ ಕೈಗೆ ಫೋನ್ ಕೊಡ್ತೀಯಲ್ಲ, ಯಾವುದೋ ಮಗು ದುಡ್ಡು ಕಟ್ಟೋ ಬಟನ್ ಒತ್ತಿರುತ್ತೆ.”

“ಕೊಡದಿದ್ರೆ ತಲೆ ಅಲ್ಲಾಡಿಸ್ತಾವೆ, ಕಿವಿಗೆ ಕತ್ತರಿ ತಾಗುತ್ತೆ. ಹಾಲುಹಲ್ಲಿನ ಮಗು ಬೆರಳಿಟ್ರೆ ಅದು ನನ್ನ ಒಪ್ಪಿಗೆನಾ?”

“ಬೇಡ ಅಂತ ಆ ಆಟದ ಕಂಪನಿಯವರಿಗೆ ಹೇಳಬೇಕಿತ್ತಪ್ಪ.”

“ಮೂರು ಸಲ ಬರೆದೆ. ಮೂರು ಸಲಾನೂ ಧನ್ಯವಾದ ಹೇಳಿ ದುಡ್ಡು ಎಳ್ಕೊಂಡ್ರು!”

ಕೌಂಟರಿನಿಂದ ಕ್ಷೌರಿಕನ ಟೋಕನ್ ನಂಬರ್ ಕೂಗಿದರು. ಎದ್ದವನು ತಿರುಗಿ ನಿಂತ.

“ಅರ್ಧ ಕಟಿಂಗ್ ಆದ್ಮೇಲೂ ಗಿರಾಕಿ ಸಾಕು ಅಂದ್ರೆ ನಾನು ಕತ್ತರಿ ಕೆಳಗಿಡ್ತೀನಿ ಅಕ್ಕಾ. ಈ ಕಂಪನಿಯವರಿಗೆ ಅಷ್ಟೂ ಮರ್ಯಾದೆ ಬೇಡ್ವಾ?”

ಅಕ್ಕ ಹಣ ಕಡಿತ ನಿಲ್ಲಿಸಲು ತುಂಬಿಟ್ಟಿದ್ದ ಫಾರಂ ಎತ್ತಿಕೊಂಡು ಅವನ ಹಿಂದೆ ನಡೆದಳು.