ಬಿಜಲಿ ಹತ್ತಿದ ಸವಾರಿ

ಈ ಕತಿಗಿ ಒಂದು ಕರಾರು ಅದ. ನಡುವ ಯಾರೂ "ಹ್ಞೂಂ" ಅನಬಾರದು. ಕತಿ ಹೇಳುವಾಗ ಹ್ಞೂಂ ಅನ್ನೋದು ನಮ್ಮಲ್ಲಿ ರೂಢಿ, ಖರೆ. ಬ್ಯಾರೆ ಕತಿಗಿ ಬೇಕಾದಷ್ಟು ಅನ್ರಿ. ಇದಕ್ಕ ಬ್ಯಾಡ. ಆ ಬಾಗಲಾ ಮುಚ್ರಿ… ಹಾಂ, ಕುಂದ್ರಿ.

ದಂಡೋತಿ ದಾಟಿ ಶಹಾಬಾದ ಕಡಿ ಬರೋ ಹಾದ್ಯಾಗ ಒಂದು ಹಾಳ ಬಾವಿ ಅದ. ಮಗ್ಗಲಿಗಿ ಆಲದ ಗಿಡ. ಹೋದ ವರ್ಷದ ಬ್ಯಾಸಿಗ್ಯಾಗ, ನಡುರಾತ್ರಿ, ನಮ್ಮ ಭಂಕೂರ ಭಾಗಣ್ಣ ಅದರ ಮುಂದಿಂದ ಮನಿಗಿ ನಡಕೋತ ಬರ್ಲಿಕತ್ತಿದ್ದ. ಕೈಯಾಗ ಹಗ್ಗ. ಹಗ್ಗದ ಹಿಂದ ಒಂದು ಬಿಳಿ ಹೆಣ್ಣುಕುದುರಿ. ಭಾಗಣ್ಣ ಯಾರೋ ದೂರದವ ಅಲ್ಲ, ಅವನ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವ ಒಂದೇ ಗ್ವಾಡಿ.

ಮದುವಿ ಮೆರವಣಿಗಿಗಿ ಕುದುರಿ ಕೊಡೋದು ಅವನ ಧಂದೆ. ಮದುಮಗನ್ನ ಕುಂದ್ರಸೋದು, ಲಗಾಮ ಹಿಡಿದು ಬ್ಯಾಂಡಿನ ಹಿಂದ ನಡಿಯೋದು. ಹಳೇ ಕುದುರಿ ಸತ್ತಿತ್ತು. ಅದಕ್ಕೂ ಮುಂಚೆ ಅವನ ಹೆಂಡತಿ ಚಂದ್ರಕಲಾ ತೀರಿಕೊಂಡಿದ್ಲು. ಮಕ್ಕಳಿಲ್ಲ. ಆಕಿ ಇದ್ದಾಗ ದಿನಾ ರಾತ್ರಿ ಆ ದಿನದ ಮದುವಿ ಸುದ್ದಿ ಎಲ್ಲಾ ಹೇಳ್ತಿದ್ದ. ಆಕಿ ರೊಟ್ಟಿ ಬಡಕೋತ ಹ್ಞೂಂ, ಹ್ಞೂಂ ಅಂತಿದ್ಲು. ಆಕಿ ಹೋದ ಮ್ಯಾಲ ಅವನ ಬಾಯೇ ಮುಚ್ಚಿಹೋಯ್ತು. ಕೇಳವರು ಇಲ್ಲದ ಮನ್ಯಾಗ ಏನಂತ ಮಾತಾಡಬೇಕು? ಭಾಳ ಒಂಟಿ ಆಗಿದ್ದ, ಪಾಪ.

ಇದ್ದಬದ್ದದ್ದೆಲ್ಲಾ ಕೂಡಿಸಿ ದಂಡೋತಿ ಸೈದಾನಬಿ ಕಡಿಂದ ಈ ಕುದುರಿ ತಗೊಂಡ. ಹೆಸರು ಬಿಜಲಿ. ಸೈದಾನಬಿ ಗಂಡ ಅಬ್ದುಲ್ ಗನಿ ಚಿತ್ತಾಪುರ ಸ್ಟೇಷನ್ನಿಗಿ ಟಾಂಗಾ ಹೊಡಿತಿದ್ದ. ಅವ ತೀರಿಕೊಂಡ ಮ್ಯಾಲ ಟಾಂಗಾ ಮೂಲಿಗಿ ಬಿತ್ತು, ಕುದುರಿ ಉಳೀತು. ಮರುದಿನ ಮುಂಜಾನೆನೇ ಭಂಕೂರದಾಗ ಒಂದು ಮೆರವಣಿಗಿ ಇತ್ತು. ಬ್ಯಾಂಡಿನ ಅಣವೀರ ಖಡಕ್ಕಾಗಿ ಹೇಳಿದ್ದ: "ನೋಡಪಾ ಭಾಗಣ್ಣ, ಹೊತ್ತಿಗಿ ಸರಿಯಾಗಿ ಕುದುರಿ ಬರಲಿಲ್ಲಂದ್ರ ಹೂವಿನ ಕಾರ್ ತರಸ್ತೀನಿ. ಮುಂದ ನಿನಗ ಕರಿಯಂಗಿಲ್ಲ."

ಆದ್ರ ಕುದುರಿ ತರೋದು ಹ್ಯಾಂಗ? ಪಿಕಪ್ ಗಾಡಿಯವ ಹೋಗೋದು ಬರೋದು ಎರಡೂ ಬಾಡಿಗಿ ಕೇಳಿದ. ಆ ರೊಕ್ಕದಾಗ ಕುದುರಿದು ಮುಂದಿನ ಎರಡು ಕಾಲು ಬರ್ತಿದ್ವು. ಫರಸಿ ಕಲ್ಲು ಇಳಿಸಿ ಖಾಲಿ ಬರೋ ಲಾರಿ ಸೋವಿ ಇತ್ತು, ಆದ್ರ ಆಳೆತ್ತರ, ತಳಕ್ಕ ಬರೇ ತಗಡು. ಕಾಲು ಜಾರಿದ್ರ ಮುಗೀತು. ಕಡೀಕ ದಂಡೋತಿ ದೇವಿಂದ್ರಪ್ಪ "ಬರೇ ಡೀಸೆಲ್ ಹಾಕಸು" ಅಂತ ಟ್ರ್ಯಾಕ್ಟರ್ ತಂದ. ಟ್ರಾಲಿಗಿ ಹಲಗಿ ಹಚ್ಚಿದ್ರು. ಬಿಜಲಿ ಒಂದು ಕಾಲಿಟ್ಲು. ಹಲಗಿ ಧಡಲ್ ಅಂತು. ಹಿಂದ ಸರದ್ಲು. ಬೆಲ್ಲ ತೋರಿಸಿದ್ರು, ಮೇವು ತೋರಿಸಿದ್ರು… ಊಹೂಂ.

"ಎಳಿಬ್ಯಾಡ ಬೇಟಾ," ಅಂದ್ಲು ಸೈದಾನಬಿ. "ಜಲ್ಮ ಪೂರಾ ಗಾಡಿ ಎಳದಾಳ. ಗಾಡಿ ಹತ್ತಿಲ್ಲ."

ಹಂಗಾರ ನಡಸೋದೇ ಸೋವಿ. ಹಗಲಿ ಡಾಂಬರ ಸುಡ್ತದ, ಅದಕ್ಕ ರಾತ್ರಿನೇ ಹೊಂಟ. ಮನಿಂದ ತಂದಿದ್ದ, ಚಂದ್ರಕಲಾ ಕೈಯಾರೆ ಹೊಲಿದ ಕೌದಿ ಮಡಚಿ ಬಿಜಲಿ ಬೆನ್ನ ಮ್ಯಾಲ ಹಾಕಿ ಕಟ್ಟಿದ. ಸೈದಾನಬಿ ಊರ ಅಗಸಿ ಬಾಗಲಾ ತನಕ ಬಂದ್ಲು.

"ದಾರ್ಯಾಗ ನಿಂತುಬಿಟ್ರ ಹೊಡಿಬ್ಯಾಡ. ನಮ್ಮವರು ಹಂಗ ಕಲಿಸ್ಯಾರ. ಟಾಂಗಾ ಹತ್ತೋ ಮಂದಿ, ಸವಾರಿ, ಕಂಡ್ರ ತಾನೇ ನಿಲ್ತಾಳ. 'ಹತ್ತಿದ್ರಾ?' ಅಂತ ಕೇಳಬೇಕು. ಸವಾರಿ ಹ್ಞೂಂ ಅನಬೇಕು. ಆಮ್ಯಾಲೇ ಕದಲ್ತಾಳ."

"ಸವಾರಿನೇ ಇಲ್ಲಂದ್ರ, ಚಾಚಿ?"

"ನೀನೇ ಕೇಳು, ನೀನೇ ಹ್ಞೂಂ ಅನ್ನು." ಆಮ್ಯಾಲ ದನಿ ತಗ್ಗಿಸಿದ್ಲು. "ಅಕಸ್ಮಾತ್ ಯಾರರ ಹತ್ತಿದ್ರ… ಎಲ್ಲಿ ಇಳೀತೀರಿ ಅಂತ ಕೇಳೋದು ಮರಿಬ್ಯಾಡ. ಕೇಳದೆ ಸವಾರಿ ಇಳಿಯಂಗಿಲ್ಲ."

ಊರು ಹಿಂದ ಬಿತ್ತು. ದೀಪ ಹಿಂದ ಬಿದ್ವು. ಟಕ್… ಟಕ್… ಲಾಳದ ಸಪ್ಪಳ ಒಂದೇ. ಆಲದ ಗಿಡ ಬಂತು, ಬಾವಿ ಬಂತು… ಬಿಜಲಿ ನಿಂತ್ಲು.

ಹಗ್ಗ ಜಗ್ಗಿದ. ಕದಲಲಿಲ್ಲ. ಕಿವಿ ಎರಡೂ ಬಾವಿ ಕಡಿ. ಗಾಳಿ ಇಲ್ಲ, ಎಲಿ ಅಲುಗಾಡೋದಿಲ್ಲ.

"ನಡಿ ಅವ್ವಾ," ಅಂದ. "ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ."

ನಿಂತೇ ಇದ್ಲು. ಹೊತ್ತು ಹೊಂಟಿತ್ತು, ಅಣವೀರನ ಹೂವಿನ ಕಾರು ಕಣ್ಣ ಮುಂದ ಬಂತು. ಆಗ ಸೈದಾನಬಿ ಮಾತು ನೆನಪಾಯ್ತು. ಯಾರೂ ಇಲ್ಲದ ಕಡಿ ಕೇಳ್ಲಿಕ್ಕ ನಾಚಿಕಿ ಬಂತಂತ ಅವಗ. ಪಿಸುಗುಟ್ಟಿದ.

"ಹತ್ತಿದ್ರಾ?"

ಕೌದಿ ಸರ್ ಅಂತು. ಬಿಜಲಿ ಬೆನ್ನು ತುಸು ತಗ್ಗಿತು. ತಾನೇ ಹ್ಞೂಂ ಅನ್ನಲಿಕ್ಕ ಭಾಗಣ್ಣ ಬಾಯಿ ತೆರದ…

"ಹ್ಞೂಂ."

ಅವನ ಬಾಯಿ ಇನ್ನೂ ತೆರದೇ ಇತ್ತು.

ಬಿಜಲಿ ನಡೀಲಿಕ್ಕ ಹತ್ತಿದ್ಲು. ಸಪ್ಪಳ ಬದಲಾಗಿತ್ತು. ಟಕ್ ಅಲ್ಲ. ಧಪ್… ಧಪ್… ಮಂದಿ ಹೊತ್ತ ಕುದುರಿ ಸಪ್ಪಳ ಅವಗ ಗೊತ್ತಿಲ್ಲೇನು? ಅದರ ನಡುವ ಡಾಂಬರ ಮ್ಯಾಲ ಹನಿ ಬೀಳೋ ಸಪ್ಪಳ. ಟಪ್… ಟಪ್… ಹಿಂದ ತಿರುಗಿ ನೋಡಲಿಲ್ಲ. ಹಗ್ಗ ಬಿಟ್ಟು ಓಡಬೇಕಂದ್ರ ಹಗ್ಗದಾಗೇ ಅವನ ಜೀವನಾ ಇತ್ತು.

ಅಂಜಿಕಿಗಿ ಮಾತಾಡ್ಲಿಕ್ಕ ಶುರು ಮಾಡಿದ. ಬಾಯಿಗಿ ಬಂದದ್ದು. ಹಳೇ ಕುದುರಿ ಒಮ್ಮಿ ಮದುಮಗನ ಬಾಸಿಂಗದ ಹೂವು ತಿಂದಿದ್ದು.

"ಹ್ಞೂಂ."

ವಾಡಿಯ ಒಂದು ಮದುವ್ಯಾಗ ಮಾವನೇ ಕುದುರಿ ಹತ್ತಿ ಇಳಿಯಂಗಿಲ್ಲ ಅಂದಿದ್ದು.

"ಹ್ಞೂಂ…"

ತುಸು ಉದ್ದ ಇತ್ತಂತ, ನಕ್ಕಂಗ. ಎಲ್ಲಿ ಅನಬೇಕೋ ಅಲ್ಲೇ ಅನ್ತಿತ್ತು. ಗಂಡಸು ದನಿನೋ ಹೆಂಗಸು ದನಿನೋ, ತಿಳೀಲಿಲ್ಲ. ನಡಕೋತ ನಡಕೋತ ಚಂದ್ರಕಲಾ ಹೋದ ರಾತ್ರಿ ಹೇಳಿದ. ಅದನ್ನ ಅವ ಯಾರಿಗೂ ಹೇಳಿದ್ದಿಲ್ಲ, ಮಗ್ಗಲ ಮನಿಯವರು ನಮಗೂ ಹೇಳಿದ್ದಿಲ್ಲ. ಹೇಳಿ ಮುಗಿಸಿದ. ಹಿಂದ ಹನಿ ಸಪ್ಪಳ ನಿಂತಿತು… ಆಮ್ಯಾಲ, ಭಾಳ ಮೆಲ್ಲಗ,

"ಹ್ಞೂಂ."

ಭಾಗಣ್ಣ ಅತ್ತುಬಿಟ್ಟ. ಅಂಜಿಕಿ ಎಲ್ಲೋ ಹೋಗಿತ್ತು. ಎಲ್ಲಿ ಇಳೀತೀರಿ ಅಂತ ಕೇಳಬೇಕು ಅನ್ನೋದು ಅವಗ ಮತ್ತ ಮತ್ತ ನೆನಪಾಯ್ತಂತ. ಕೇಳಲಿಲ್ಲ. ಕೇಳಿದ್ರ ಇಳದುಬಿಡ್ತದಲ್ಲ!

ಬೆಳಕು ಹರಿಯೂದ್ರಾಗ ಭಂಕೂರ ಮುಟ್ಟಿದ. ಬಿಜಲಿಗಿ ನೀರು ಕುಡಿಸಿದ, ಅದೇ ಕೌದಿ ಮ್ಯಾಲ ಜರಿ ಬಟ್ಟಿ ಹಾಕಿ ಮದುವಿ ಮನಿಗಿ ಹೋದ. ಮದುಮಗ ಕಾಲೆತ್ತಿದ. ಬಿಜಲಿ ಸರದ್ಲು. ಮತ್ತ ಎತ್ತಿದ. ಮತ್ತ ಸರದ್ಲು. ನಿಮಗ ಗೊತ್ತಲ್ಲ, ತುಂಬಿದ ಟಾಂಗಾದ ಕುದುರಿ ಇನ್ನೊಬ್ಬರಿಗಿ ನಿಲ್ಲಂಗಿಲ್ಲ. ಮಂದಿ ನಗ್ಲಿಕತ್ತಿತು. ಅಣವೀರ ಫೋನ್ ಕಿವಿಗಿ ಹಚ್ಚಿದ. "ಕಾರ್ ಖಾಲಿ ಅದ ಏನ್ರಿ?"

ಭಾಗಣ್ಣ ಬಿಜಲಿ ಕುತ್ತಿಗಿಗಿ ಮಾರಿ ಹಚ್ಚಿದ. ಪಿಸುಗುಟ್ಟಿದ.

"ಎಲ್ಲಿ… ಇಳೀತೀರಿ?"

ಬ್ಯಾಂಡಿನ ಗದ್ದಲ. ಉತ್ತರ ಕೇಳಿಸಲಿಲ್ಲ. ಬಿಜಲಿಗಿ ಕೇಳಿಸ್ತು. ಹಗ್ಗ ತಾನೇ ಜಗ್ಗಿ ಹೊಳ್ಳಿದ್ಲು, ನಮ್ಮ ಓಣಿ ಹಿಡದ್ಲು. ಅಣವೀರ ಹಿಂದಿಂದ ಒದರ್ಲಿಕತ್ತಿದ್ದ. ಭಾಗಣ್ಣನ ಬಾಗಲಾ ಮುಂದ ಬಂದು ನಿಂತ್ಲು. ನಾನು ಅಂಗಳದಾಗೇ ಇದ್ದೆ. ತಗ್ಗಿದ್ದ ಕುದುರಿ ಬೆನ್ನು, ಭಾರ ಇಳದಂಗ, ಮ್ಯಾಕ ಎದ್ದಿದ್ದು ನನ್ನ ಕಣ್ಣಿಲೆ ನೋಡೀನಿ. ಫುರ್ರ್ ಅಂತ ಉಸುರು ಬಿಟ್ಲು. ಮದುವಿ ಮನಿಗಿ ಹೊಳ್ಳಿ ಹೋದ್ಲು. ಟಕ್… ಟಕ್… ಮದುಮಗ ಹತ್ತಿದ, ಮೆರವಣಿಗಿ ಹೋಯ್ತು. ಅಣವೀರ ಈಗೂ ಭಾಗಣ್ಣಗೇ ಕರೀತಾನ.

ಆ ಬಾವಿಯಾಗ ಯಾರು ಬಿದ್ದಿದ್ರು ಅಂತ ದಂಡೋತ್ಯಾಗ ಕೇಳೀವಿ. ಯಾರೂ ಬಿದ್ದಿಲ್ಲ ಅಂತಾರ. ಸೈದಾನಬಿ ಮಾತ್ರ ಅಂದ್ಲು: "ನಮ್ಮವರು ಇದ್ದಾಗೂ ಅಲ್ಲೇ ನಿಲ್ತಿದ್ಲು."

ಈಗ ರಾತ್ರಿ ಗ್ವಾಡಿ ಆಚೆ ಭಾಗಣ್ಣನ ಮಾತು ಕೇಳಿಸ್ತದ. ಆ ದಿನದ ಮದುವಿ ಸುದ್ದಿ. ನಡುನಡುವ ಅದೂ ಕೇಳಿಸ್ತದ. ನಿಮಗ ಹ್ಞೂಂ ಅನಬ್ಯಾಡ್ರಿ ಅಂದಿದ್ದು ಇದಕ್ಕೇ. ನೀವು ಅಂದ್ರ, ಯಾವುದು ನಿಮ್ಮದು, ಯಾವುದು ಆಚೇದು, ನನಗ ತಿಳಿಯಂಗಿಲ್ಲ.

ಸುಳ್ಳಂತೀರಿ? ಆ ಕೌದಿ ಇಷ್ಟು ದಿನ ಆದ್ರೂ ನಡುವಿನ ಗ್ವಾಡಿ ಮ್ಯಾಲೇ ಅದ, ಒಣಗ್ಲಿ ಅಂತ ಹಾಕ್ಯಾನ. ಅವತ್ತು, ಒಂದು ಮಗ್ಗಲಾಗಿ ಕುಂತವರ ಹಂಗ, ಬರೇ ಎಡಗಡಿ ತೊಯ್ದಿತ್ತು. ಇವತ್ತಿನ ಬಿಸಲು ಹ್ಯಾಂಗಿತ್ತು, ನೀವೇ ನೋಡೀರಿ. ಸಂಜಿಮುಂದ ನಾನು ಮುಟ್ಟಿ ಬಂದೀನಿ. ಎಡಗಡಿ ಇನ್ನೂ ಹಸಿ ಅದ.